ಹಂಸಾಬೆನ್ ಅವರ ಗೋಧಿ ಡ್ರಮ್ಮು

ಜಗಳವಾಡುವುದಕ್ಕೂ ಸರಿಯಾದ ವಯಸ್ಸಿನಲ್ಲಿ ಪಾಠವಾಗಬೇಕು. ನನಗೆ ಆಗಲಿಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಹಿಂದಿನ ಬೆಂಚಿನವಳು ಕೈವಾರದಿಂದ ಚುಚ್ಚಿದರೆ, ಮೊದಲು ಅವಳ ಅಕ್ಷರ ಎಷ್ಟು ದುಂಡಗಿದೆಯೆಂದು ಹೊಗಳಿ, ಆಮೇಲೆ ಕೈವಾರದ ವಿಷಯಕ್ಕೆ ಬರಬೇಕೆಂದು ಸಿಸ್ಟರ್ ಕಲಿಸಿದ್ದರು. ಎಷ್ಟೋ ಸಲ ನಾನು ವಿಷಯಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆದುಬಿಡುತ್ತಿತ್ತು. ಈ ವಿದ್ಯೆಯನ್ನು ಕಟ್ಟಿಕೊಂಡೇ, ಯಜಮಾನರ ಬ್ಯಾಂಕಿನ ವರ್ಗಾವಣೆಯ ಬೆನ್ನುಹತ್ತಿ ನಾನು ವಡೋದರಾಕ್ಕೆ ಬಂದೆ.

ನಾವಿರುವುದು ಅಲ್ಕಾಪುರಿಯ ಹಿಂಭಾಗದ ಹಳೆಯದೊಂದು ಸೊಸೈಟಿಯಲ್ಲಿ. ನಾಲ್ಕು ಮಹಡಿ, ಲಿಫ್ಟಿಲ್ಲ. ‘ಮೆಟ್ಟಿಲು ಎಲ್ಲರಿಗೂ ಸೇರಿದ್ದು’ ಎಂದು ಕೆಳಗಡೆ ಬೋರ್ಡು ಹಾಕಿದ್ದಾರೆ. ಎಲ್ಲರೂ ಅದನ್ನು ಮನಸಾರೆ ನಂಬಿದ್ದಾರೆ. ಒಂದನೇ ಮಹಡಿಯಲ್ಲಿ ಹುಲ್ಲುದುರುವ ಏರ್ ಕೂಲರ್ ಇದೆ. ಎರಡನೆಯದರಲ್ಲಿ, ಈಗ ಎಂಜಿನಿಯರಿಂಗ್ ಮುಗಿಸುತ್ತಿರುವ ಹುಡುಗಿಯ ಮೂರು ಚಕ್ರದ ಸೈಕಲ್ಲಿದೆ. ಮೂರನೆಯದರಲ್ಲಿ ನಮ್ಮ ಚಪ್ಪಲಿ ಸ್ಟ್ಯಾಂಡು. ಅದೇನು ಸಾಮಾನಲ್ಲ, ಬಿಡಿ.

ಇಲ್ಲಿ ಬೇಸಿಗೆ ಬಂತೆಂದರೆ ವರ್ಷಕ್ಕಾಗುವಷ್ಟು ಗೋಧಿ ಕೊಂಡು, ಹುಳು ಹಿಡಿಯದಂತೆ ಹರಳೆಣ್ಣೆ ಸವರಿ, ತಗಡಿನ ಡ್ರಮ್ಮಿಗೆ ತುಂಬಿಡುವುದು ರೂಢಿ. ಎದುರು ಮನೆಯ ಹಂಸಾಬೆನ್ ಈ ಸಲ ತಮ್ಮ ಡ್ರಮ್ಮನ್ನು ಮೆಟ್ಟಿಲಿನ ತುದಿಯಲ್ಲಿ, ಕಂಬಿಗೆ ಒತ್ತಿ ನಿಲ್ಲಿಸಿದರು. ನನ್ನ ಸೊಂಟದೆತ್ತರದ ಡ್ರಮ್ಮು. ಮುಚ್ಚಳದ ಮೇಲೆ ಕುಂಕುಮದ ಸ್ವಸ್ತಿಕ, ಅದಕ್ಕೊಂದು ಪುಟ್ಟ ಬೀಗ.

ತೊಂದರೆಯಾದದ್ದು ನಮ್ಮ ಅತ್ತೆಯವರಿಗೆ. ಅವರಿಗೆ ಮಂಡಿ ನೋವು. ಕಂಬಿ ಹಿಡಿಯದೆ ಒಂದು ಮೆಟ್ಟಿಲೂ ಇಳಿಯಲಾರರು. ಸಂಜೆ ಪಾರ್ಕಿನ ಬೆಂಚಿನಲ್ಲಿ ಅವರಿಗೊಬ್ಬರು ತುಮಕೂರಿನ ಕಡೆಯ ಹೆಂಗಸು ಸಿಕ್ಕಿದ್ದರು. ಇಡೀ ಊರಿನಲ್ಲಿ ಅತ್ತೆಯವರ ಮಾತು ಅರ್ಥವಾಗುವುದು ನಮ್ಮಿಬ್ಬರನ್ನು ಬಿಟ್ಟರೆ ಅವರೊಬ್ಬರಿಗೇ. ಡ್ರಮ್ಮು ಬಂದ ದಿನ ಅತ್ತೆ ಮೆಟ್ಟಿಲಿನವರೆಗೆ ಹೋಗಿ, ಒಂದು ಕ್ಷಣ ನಿಂತು, ವಾಪಸು ಬಂದು ಚಪ್ಪಲಿ ಕಳಚಿದರು. “ಹೋಗಿ ಒಂದು ಮಾತು ಹೇಳಿ ಬಾರೆ,” ಎಂದರು.

ಹೋದೆ. ಸಿಸ್ಟರ್ ಹೇಳಿಕೊಟ್ಟಂತೆ ಹೊಗಳಿಕೆಯಿಂದಲೇ ಶುರುಮಾಡಿದೆ. ಡ್ರಮ್ಮು ಎಷ್ಟು ಗಟ್ಟಿ, ಎಷ್ಟು ಹೊಳಪು, ಮೆಟ್ಟಿಲು ಹತ್ತಿ ಬರುವವರಿಗೆಲ್ಲ ಮೊದಲು ಕಾಣುವುದೇ ಇದು ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಹಂಸಾಬೆನ್ ಮುಖ ಅರಳಿತು. ಮಸಾಲೆ ಚಹಾ ಬಂತು, ಖಾಕ್ರಾ ಬಂತು, ಅವರ ನಾದಿನಿಯ ಸೂರತ್ತಿನ ಮನೆಯ ಕಥೆ ಬಂತು. ಕಂಬಿಯ ವಿಷಯ ಮಾತ್ರ ಬರಲಿಲ್ಲ.

ಮೂರನೆಯ ದಿನ ಬಾಗಿಲು ತೆರೆದರೆ ಇಬ್ಬರು ಕೂಲಿಯವರು, ಮತ್ತೊಂದು ಡ್ರಮ್ಮು, ಬಾಯಿತನಕ ಗೋಧಿ.

“ಅರೇ ಬೆನ್, ನಿಮಗೆ ಕೇಳಲು ಶರಮ್, ಸಂಕೋಚ. ನನಗೆ ಗೊತ್ತಾಗಲ್ವಾ?” ಎಂದರು ಹಂಸಾಬೆನ್. “ಎಣ್ಣೆ ನಾನೇ ಸವರಿದ್ದೀನಿ.”

ಬೇಡವೆನ್ನುವುದು ಹೇಗೆ? ಥ್ಯಾಂಕ್ಯೂ ಎಂದೆ. ಒಳಗೆ ಜಾಗವಿರಲಿಲ್ಲವಾದ್ದರಿಂದ ಅದನ್ನು ಹೊರಗೆ, ಗೋಡೆಯ ಕಡೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಿಲ್ಲಿಸಿದೆವು.

“ನಾವು ಅನ್ನ ತಿನ್ನೋರು ಕಣೆ,” ಎಂದರು ಯಜಮಾನರು. “ಇದು ಮುಗಿಯೋ ಹೊತ್ತಿಗೆ ನಾನು ರಿಟೈರ್ ಆಗಿರ್ತೀನಿ.”

ಅತ್ತೆ ಹೊರಗೆ ಬಂದು ಎರಡು ಡ್ರಮ್ಮುಗಳನ್ನೂ, ಆಮೇಲೆ ನನ್ನನ್ನೂ ನೋಡಿದರು. “ಒಂದು ತೆಗೆಸು ಅಂತ ಕಳಿಸಿದ್ರೆ ಇನ್ನೊಂದು ತಂದಿದ್ದೀಯಲ್ಲೇ.” ಹಾಗೆಂದವರೇ ಗೋಡೆ ಹಿಡಿದುಕೊಂಡು ಎದುರು ಮನೆಗೆ ನಡೆದು, ಬೆಲ್ಲು ಒತ್ತಿ, ಅಚ್ಚ ಕನ್ನಡದಲ್ಲಿ ಶುರುಮಾಡಿದರು: “ನೋಡಮ್ಮಾ, ಇದನ್ನ ಒಳಗಿಟ್ಕೋ. ನಂಗೆ ಕಂಬಿ ಬೇಕು. ಮಂಡಿ ನೋವು.” ಡ್ರಮ್ಮಿನ ಮೇಲೆ ಒಂದು ಏಟು, ಕಂಬಿಯ ಮೇಲೆ ಒಂದು, ತಮ್ಮ ಮಂಡಿಯ ಮೇಲೆ ಒಂದು.

ನಾನು ಸೆರಗಿನ ತುದಿ ಹಿಡಿದು ನಿಂತಿದ್ದೆ. ಇಲ್ಲಿಗೆ ನಮ್ಮ ನೆರೆಹೊರೆಯ ಸಂಬಂಧ ಮುಗಿಯಿತೆಂದುಕೊಂಡೆ. ಹಂಸಾಬೆನ್ ಮಂಡಿ ನೋಡಿದರು, ಕಂಬಿ ನೋಡಿದರು, ನನ್ನ ಕಡೆ ತಿರುಗಿದರು.

“ಅಮ್ಮಾಜಿ ಇಷ್ಟು ದಿನ ಕೆಳಗೆ ಇಳಿದೇ ಇಲ್ವಾ? ನನ್ನ ಮನೇಲಿ ಕೂತು ಒಂದು ಗಂಟೆ ಚಹಾ ಕುಡಿದಿರಿ, ಹೇಳಬಾರದಾ ಬೆನ್?”

ಹತ್ತು ನಿಮಿಷದಲ್ಲಿ ಅವರೂ ಅವರ ಸೊಸೆಯೂ ಸೇರಿ ಡ್ರಮ್ಮನ್ನು ಓಲಾಡಿಸುತ್ತ ಒಳಗೆ ಸಾಗಿಸಿದರು. ಸಂಜೆ ಅತ್ತೆ ಕಂಬಿ ಹಿಡಿದು, ಯಾರ ಸಹಾಯವೂ ಇಲ್ಲದೆ, ಪಾರ್ಕಿಗೆ ಇಳಿದುಹೋದರು.

ಅದೇ ಸಂಜೆ ಸೊಸೈಟಿಯ ವಾಟ್ಸ್ಯಾಪ್ ಗುಂಪಿಗೆ ಸೆಕ್ರೆಟರಿಯವರು ಒಂದು ಫೋಟೋ ಹಾಕಿದರು. ಮೂರನೇ ಮಹಡಿ, ಗೋಡೆ ಪಕ್ಕದ ಡ್ರಮ್ಮು, ನಮ್ಮ ಬಾಗಿಲಿನ ನಂಬರು. ಮೆಟ್ಟಿಲಲ್ಲಿ ಸಾಮಾನಿಡುವುದು ಸುಶಿಕ್ಷಿತರಿಗೆ ಶೋಭೆಯಲ್ಲ ಎಂದು ಬರೆದಿದ್ದರು. ಅದರ ಕೆಳಗೆ ಹಂಸಾಬೆನ್ ನನ್ನ ಪರ ವಹಿಸಿದ್ದರು: “ಹೊಸಬರು, ಪಾಪ. ನಿಧಾನವಾಗಿ ಕಲಿಯುತ್ತಾರೆ. ಯಾರೂ ಏನೂ ಅನ್ನಬೇಡಿ.”

ಆ ಮಾತಿಗೆ ಹನ್ನೊಂದು ಮಂದಿ ಹೆಬ್ಬೆರಳು ಎತ್ತಿದ್ದರು. ಅದರಲ್ಲೊಂದು ಯಜಮಾನರದು.