ಅಡ್ಮಿಷನ್ನಿಗೆ ಹೊತ್ತಿಸಿದ ಬಣ್ಣದ ಬೆಂಕಿ

ರಸಾಯನಶಾಸ್ತ್ರದ ಮೇಷ್ಟ್ರಾದವನು ತೋರಿಸಲು ಹೊರಡುವುದು ಒಂದು, ಜನ ನೋಡುವುದು ಇನ್ನೊಂದು. ನನ್ನ ವೃತ್ತಿಯಲ್ಲಿ ಇದು ಇವತ್ತಿಗೂ ನಿಂತಿಲ್ಲ. ಕಳೆದ ಬೇಸಿಗೆಯಲ್ಲಂತೂ ತಾಲ್ಲೂಕು ತಾಲ್ಲೂಕಿನಲ್ಲೂ ಇದೇ ಆಯಿತು.

ಮಧುಗಿರಿ

ನಮ್ಮದು ಸಣ್ಣ ಖಾಸಗಿ ಪಿಯು ಕಾಲೇಜು. ಪ್ರಿನ್ಸಿಪಾಲರು ಮೀಟಿಂಗಿನಲ್ಲಿ ಹೇಳಿಬಿಟ್ಟರು: "ಈ ಸಲ ಮಕ್ಕಳು ಸೇರದಿದ್ದರೆ ಸೈನ್ಸ್ ವಿಭಾಗ ಮುಚ್ಚುತ್ತೇವೆ. ಎಲ್ಲರೂ ಹಳ್ಳಿಗಳಿಗೆ ಹೊರಡಿ."

ಸಹೋದ್ಯೋಗಿಗಳು ಮನೆಮನೆ ಸುತ್ತಿ, ಫ್ರೀ ಬಸ್, ನೂರಕ್ಕೆ ನೂರು ರಿಸಲ್ಟ್ ಎಂದು ಇಲ್ಲದ್ದನ್ನೆಲ್ಲ ಹೇಳಿ ಬರುತ್ತಿದ್ದರು. ನಾನು ಓದಿದ ಕಾನ್ವೆಂಟಿನಲ್ಲಿ ಸುಳ್ಳಿಗೆ ಮಂಡಿಯೂರಿಸುತ್ತಿದ್ದರು, ಸುಳ್ಳು ಹೇಳುವುದು ನನ್ನಿಂದಾಗದು. "ಇರುವುದನ್ನು ತೋರಿಸುತ್ತೇನೆ" ಎಂದು ಸ್ಪಿರಿಟ್ ದೀಪ, ತಂತಿ, ಲವಣದ ಶೀಶೆಗಳನ್ನು ಪೆಟ್ಟಿಗೆಗೆ ತುಂಬಿದೆ. ಯಾವ ಲವಣ ಬೆಂಕಿಗೆ ಯಾವ ಬಣ್ಣ ಕೊಡುತ್ತದೆಂದು ಕಂಡರೆ ಯಾವ ಮಗು ತಾನೇ ಬರುವುದಿಲ್ಲ?

ಪ್ರಿನ್ಸಿಪಾಲರು ಪೆಟ್ಟಿಗೆ ಇಣುಕಿ ಹೇಳಿದರು: "ಸಾರ್, ವಿಭಾಗ ಉಳಿಸಿ ಅಂದೆ. ಊರು ಸುಟ್ಟು ಬನ್ನಿ ಅನ್ನಲಿಲ್ಲ."

ಮಿಡಿಗೇಶಿ

ಶಾಲೆಯ ಜಗುಲಿಯಲ್ಲಿ ಜನ ಸೇರಿದ್ದರು. "ಇದು ತಾಮ್ರ, ಹಸಿರು ನೋಡಿ" ಎಂದೆ. ಹಳದಿ ಬಂತು. "ಇದು ಸ್ಟ್ರಾನ್ಷಿಯಂ, ಕಡುಗೆಂಪು." ಮತ್ತೆ ಹಳದಿ. ಪೊಟ್ಯಾಸಿಯಮ್ಮೂ ಹಳದಿ.

ತಿರುಗಿ ನೋಡಿದರೆ, ನನ್ನ ಜೊತೆ ಬಂದಿದ್ದ ಲ್ಯಾಬ್ ಅಟೆಂಡರು ಉಪ್ಪು ಹಚ್ಚಿದ ಕಡಲೆಕಾಯಿ ಬೀಜ ತಿನ್ನುತ್ತಾ, ಅದೇ ಬೆರಳಿನಿಂದ ತಂತಿಯ ತುದಿ ಒರೆಸಿ ಒರೆಸಿ ಕೊಡುತ್ತಿದ್ದಾರೆ! ಉಪ್ಪಿನಲ್ಲಿರುವ ಸೋಡಿಯಂ ಚೂರು ತಗುಲಿದರೂ ಸಾಕು, ಉಳಿದ ಬಣ್ಣವನ್ನೆಲ್ಲ ತನ್ನ ಹಳದಿ ನುಂಗಿಹಾಕುತ್ತದೆ.

"ಏನ್ರೀ ಇದು!"

"ಕಿಲೀನಾಗಿರ್ಲಿ ಅಂತ ಒರೆಸ್ದೆ ಸಾರ್."

ಊರಿನ ಹಿರಿಯರೊಬ್ಬರು ವಂದನಾರ್ಪಣೆಗೆ ಎದ್ದರು. "ಎಲ್ಲಾರೂ ಒಂದೇ ಅಂತ ಭಾಷಣ ಮಾಡೋರ್ನ ಭಾಳ ನೋಡಿದೀವಿ. ಬೆಂಕಿ ಹಚ್ಚಿ ಪ್ರೂಫ್ ಕೊಟ್ಟೋರು ಇವ್ರೊಬ್ರೇ ಕಣ್ರಪ್ಪಾ!"

ಚಪ್ಪಾಳೆ ಸಿಕ್ಕಿತು. ಅಡ್ಮಿಷನ್ ಸಿಗಲಿಲ್ಲ.

ಕೊರಟಗೆರೆ

ಸಿದ್ದರಬೆಟ್ಟದ ದಾರಿಯ ಹಳ್ಳಿಯೊಂದರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಯ ಮನೆಗೆ ಹೋದೆ. ಒಲೆಯ ಮೇಲೆ ಸಾರು ಉಕ್ಕಿತು. ನೀಲಿಯಾಗಿದ್ದ ಗ್ಯಾಸಿನ ಉರಿ ಭಗ್ಗನೆ ಹಳದಿಯಾಯಿತು. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಮಯವುಂಟೆ? "ನೋಡಿ, ಸಾರಿನಲ್ಲಿ ಉಪ್ಪಿದೆ ಅಂತ ಬೆಂಕಿಯೇ ಹೇಳುತ್ತಿದೆ" ಎಂದೆ.

ಹುಡುಗಿಯ ಅಜ್ಜಿ ಕುಣಿದೇಬಿಟ್ಟರು. "ಕೇಳ್ದೇನಮ್ಮಿ? ಉಪ್ಪು ಜಾಸ್ತಿ ಅಂತ ನಾನಂದ್ರೆ ಜಗಳಕ್ಕೆ ಬತ್ತೀಯ. ಈಗ ಕಾಲೇಜ್ ಮೇಷ್ಟ್ರೇ ಹೇಳವ್ರೆ!" ಸೊಸೆ ನನ್ನನ್ನು ದುರುಗುಟ್ಟಿ ನೋಡಿದರು.

"ಮೊಮ್ಮಗಳನ್ನ ನಿಮ್ ಕಾಲೇಜಿಗೇ ಸೇರಿಸ್ತೀನಿ ಬುಡಿ ಸಾರ್" ಎಂದರು ಅಜ್ಜಿ.

ಅಲ್ಲಿಗೇ ಎದ್ದು ಬರಬೇಕಿತ್ತು. ತಪ್ಪು ಅರ್ಥ ಉಳಿಸಿ ಬರುವುದು ನನ್ನ ಜಾಯಮಾನವಲ್ಲ. "ಹಾಗಲ್ಲ ತಾಯಿ, ಉಪ್ಪು ಚಿಟಿಕೆ ಇದ್ದರೂ ಹಳದಿಯೇ. ಜಾಸ್ತಿಯೋ ಕಡಿಮೆಯೋ ಕಣ್ಣಳತೆಯಲ್ಲಿ ಹೇಳಲಾಗದು" ಎಂದೆ.

ಈಗ ಸೊಸೆ ಅರಳಿದರು. "ಕೇಳುಸ್ತಾ ಅತ್ತೇ?"

ಅಜ್ಜಿ ನನ್ನ ಮುಂದಿದ್ದ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು. ಕಾಫಿ ಇನ್ನೂ ಅರ್ಧ ಇತ್ತು.

ಸಿರಾ

ಚಪ್ಪಲಿ ಅಂಗಡಿಯ ಸಾಹೇಬರು ಹಸಿರು, ಕೆಂಪು ಎಲ್ಲವನ್ನೂ ಸರಿಯಾಗಿ ನೋಡಿ, "ಒಂದೊಂದಕ್ಕೆ ಒಂದೊಂದು ರಂಗ್ ಯಾಕೆ ಸಾಬ್?" ಎಂದರು. ಇಂಥ ಪ್ರಶ್ನೆಗೇ ನಾನು ಕಾದಿದ್ದೆ.

"ಕಾವು ಸಿಕ್ಕಾಗ ಪರಮಾಣುವಿನೊಳಗಿನ ಎಲೆಕ್ಟ್ರಾನು ಮೇಲಿನ ಮೆಟ್ಟಿಲಿಗೆ ಹಾರುತ್ತದೆ. ಅಲ್ಲಿ ನಿಲ್ಲಲಾರದೆ ಇಳಿಯುವಾಗ, ತಗೊಂಡಿದ್ದನ್ನು ಬೆಳಕಾಗಿ ವಾಪಸ್ ಕೊಡುತ್ತದೆ. ಪ್ರತಿ ಧಾತುವಿಗೂ ಮೆಟ್ಟಿಲುಗಳ ಅಂತರ ಬೇರೆ. ಅದಕ್ಕೇ ಬಣ್ಣವೂ ಬೇರೆ."

"ಬಹುತ್ ಅಚ್ಛಾ! ನಮ್ ಹುಡ್ಗ ಸೈನ್ಸ್ ಹತ್ತಿ, ನಿಲ್ಲಕ್ಕಾಗ್ದೆ ಇಳಿದ್ರೆ ಫೀಸೂ ಹಿಂಗೇ ವಾಪಸ್ ಬರುತ್ತಾ?"

"ಇಲ್ಲ. ಆ ಗುಣ ನಮ್ಮ ಆಫೀಸಿಗಿಲ್ಲ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಜ ಹೇಳಿದ್ರಿ. ಹುಡ್ಗನ್ನ ನಿಮ್ಮಲ್ಲೇ ಕಳಿಸ್ತೀನಿ."

ಮೊದಲ ಅಡ್ಮಿಷನ್ ಸಿಕ್ಕಿತು. ಹೇಗೆ ಸಿಕ್ಕಿತೆಂದು ಪ್ರಿನ್ಸಿಪಾಲರಿಗೆ ಹೇಳುವ ಧೈರ್ಯವಾಗಲಿಲ್ಲ.

ಪಾವಗಡ

ಕೊನೆಯ ದಿನ. ಒಬ್ಬ ಹುಡುಗ ಬಂದ ಮಾತ್ರಕ್ಕೆ ವಿಭಾಗ ಉಳಿಯದು. ಪಾವಗಡದ ಹಳ್ಳಿಯೊಂದರಲ್ಲಿ ಹತ್ತನೇ ಕ್ಲಾಸು ಮುಗಿಸಿದ ಹುಡುಗಿಯರ ಗುಂಪೇ ಇತ್ತು. ಒಬ್ಬಳನ್ನು ಕಳಿಸಿದರೆ ಎಲ್ಲರನ್ನೂ ಕಳಿಸುತ್ತಾರೆ. ಆದರೆ ಅವರಲ್ಲೊಬ್ಬಳ ಅವ್ವ, ಆ ಕಡೆಯ ಮಾತಿನಲ್ಲಿ ಅಜ್ಜಿ, ಒಪ್ಪಲೊಲ್ಲರು. "ಕಾಲೇಜು ಸರಿ, ಈ ಸಾರ್ ಮುಖ ನೋಡಿದ್ರೇ ಹುಡುಗೀರಿಗೆ ಜ್ವರ ಬರ್ತದೆ" ಎಂದು ನನ್ನೆದುರೇ ಹೇಳಿದರು.

ನಾನು ಪೊಟ್ಯಾಸಿಯಂ ಲವಣವನ್ನು ಉರಿಗೆ ಹಿಡಿದೆ. "ಹಳದಿನೇ ಕಾಣ್ತಿದೆ ಸಾರ್" ಎಂದಳು ಮೊಮ್ಮಗಳು. ನೀಲಿ ಗಾಜಿನ ತುಂಡು ಕೊಟ್ಟೆ. "ಇದು ಹಳದಿಯನ್ನು ತಡೆಯುತ್ತದೆ. ಈಗ ನೋಡು."

"ನೇರಳೆ ಸಾರ್! ನೇರಳೆ!"

ಗಾಜು ಕೈಯಿಂದ ಕೈಗೆ ಹೋಗಿ ಅವ್ವನಿಗೆ ತಲುಪಿತು. ಅವರು ಉರಿ ನೋಡಲಿಲ್ಲ. ಗಾಜನ್ನು ಕಣ್ಣಿಗಿಟ್ಟು ನೇರವಾಗಿ ನನ್ನ ಮುಖ ನೋಡಿದರು. "ಅಬ್ಬಾ, ಇದ್ರಾಗೆ ನೋಡಿದ್ರೆ ಸಾರ್ ನಗ್ತಾರಲ್ಲೇ! ಮಂಚೋರೇ ಕಣಮ್ಮ, ಹೋಗು ಸೇರ್ಕೋ."

"ಒಳ್ಳೆಯವರು ಅಂತಾವ್ರೆ ಸಾರ್," ಎಂದು ಅಟೆಂಡರು ಅವ್ವನ ತೆಲುಗನ್ನು ನನಗೆ ತರ್ಜುಮೆ ಮಾಡಿ, ಗಾಜಿಗೆ ಕೈ ಚಾಚಿದರು. "ಕೊಡವ್ವ ಇಲ್ಲಿ, ನಾನೂ ಒಂದ್ಸಲ ನೋಡ್ತೀನಿ."

ಗುಂಪಿಗೆ ಗುಂಪೇ ಸೇರಿತು. ವಿಭಾಗ ಉಳಿಯಿತು. ಲ್ಯಾಬಿನ ಮೊದಲ ದಿನವೇ ಆ ಅವ್ವನ ಮೊಮ್ಮಗಳು ಎದ್ದು ನಿಂತಳು. "ಸಾರ್, ನಮಗೆಲ್ಲ ಒಂದೊಂದು ನೀಲಿ ಗಾಜು ಬೇಕು."

ಎಷ್ಟು ಆಸಕ್ತಿ! "ಪೊಟ್ಯಾಸಿಯಂ ನೋಡಲಿಕ್ಕಾ?"

"ಅಲ್ಲ ಸಾರ್. ನೀವು ಬೈಯುವಾಗ ಕಣ್ಣಿಗಿಟ್ಕೊಳ್ಳೋಕೆ."