ಮೈದುನನ ಪ್ರೀ-ಆಂಪು

ನನ್ನ ಮೈದುನನಂಥ ಚೂಪು ಕಿವಿ ಭಾಲ್ಕಿಯಲ್ಲಿ ಯಾರಿಗೂ ಇರಲಿಲ್ಲ. ಅವನಂಥ ಕಿವುಡನೂ ಇನ್ನೊಬ್ಬ ಇರಲಿಲ್ಲ! ಮೂರು ಮನೆ ಆಚೆ ರೇಡಿಯೊ ಗೊರಗುಟ್ಟಿದರೆ ಊಟ ಬಿಟ್ಟು ಏಳುತ್ತಿದ್ದ. ಹೆಂಡತಿ ಮಗ್ಗುಲಲ್ಲೇ ನಿಂತು ಹಿಟ್ಟು ಮುಗಿದಿದೆ ಎಂದು ನಾಲ್ಕು ಸಲ ಹೇಳಿದರೆ "ಆಂ?" ಎನ್ನುತ್ತಿದ್ದ. ದೇವರು ಕಿವಿ ಕೊಟ್ಟು ತಂತಿ ತಪ್ಪು ಜೋಡಿಸಿದ್ದ, ಅಷ್ಟೆ.

ಅವನದು ಮೈಕ್ ಸೆಟ್ಟಿನ ದಂಧೆ. ಔರಾದ, ಕಮಲನಗರದ ತನಕ ಮದುವೆಗಳಿಗೆ ಒಯ್ಯುತ್ತಿದ್ದ. ಬರ ಬಿತ್ತು. ಕುಡಿಯಲು ನೀರಿಲ್ಲದ ಊರಿಗೆ ಯಾರು ಹೆಣ್ಣು ಕೊಡುತ್ತಾರೆ, ಯಾರು ಹಂದರ ಹಾಕುತ್ತಾರೆ? ಆಂಪ್ಲಿಫೈಯರು, ಎರಡು ಸ್ಪೀಕರು, ಟೇಪು, ಎಲ್ಲ ಬಂದು ಅವನ ಪಡಸಾಲೆಯಲ್ಲಿ ಬೀಗರ ಹಾಗೆ ಕೂತವು. ಓಣಿಯ ಮಂದಿ ಒಬ್ಬೊಬ್ಬರಾಗಿ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದರು. ಅವನ ಹೆಂಡತಿ, ನನ್ನ ನೆಗೆಣ್ಣಿ, ತಾನೂ ಗಂಟು ಕಟ್ಟಿದಳು.

"ನೀವೂ ನಡೀರಿ" ಅಂದಳು.

"ಇವನ್ನ ಯಾರು ನೋಡ್ಕೋತಾರ?" ಅಂತ ಯಂತ್ರ ತೋರಿಸಿದ.

"ಹಂಗಾರ ನನ್ನ ಸವತಿ ಸಂಗಾಟ ಸುಖದಿಂದ ಇರ್ರಿ!" ಎಂದು ಹೋದಳು.

ಓಣಿಯಲ್ಲಿ ಉಳಿದದ್ದು ಅವನು, ಗೋಡೆಯಾಚೆ ಗಂಡ ತೀರಿದ ನಾನು, ಉಳಿದಂತೆ ಬಾಗಿಲಿಗೆ ಬಿದ್ದ ಬರೀ ಕೀಲಿಗಳು. ನನ್ನ ಮಗ ಬೀದರಿನ ಹತ್ತಿರ ಕೊಳಾರದ ಕಾರ್ಖಾನೆಯಲ್ಲಿದ್ದ, ಬಾ ಎನ್ನುತ್ತಿದ್ದ. ಅವನದು ಒಂದೇ ಖೋಲಿ. ಅಲ್ಲಿ ಹೋಗಿ ಯಾರ ತಲೆಯ ಮೇಲೆ ಕೂಡ್ರಲಿ?

ಎರಡು ತಿಂಗಳಿಗೆ ನೆಗೆಣ್ಣಿಯಿಂದ ಕ್ಯಾಸೆಟ್ ಬಂತು. ಅಕ್ಷರ ಬಾರದವರು ಆಗ ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಮೂರನೆತ್ತೆಗೇ ಸಾಲಿ ಬಿಟ್ಟ ನನಗೂ ಅದೇ ಸಲೀಸು. ಹಾಕಿ ಕೇಳಿದೆವು. "ವೈನಿಗೆ ಶರಣು ಹೇಳ್ರಿ. ಉಪ್ಪಿನಕಾಯಿ ಭರಣಿ ಬಾಯಿ ಕಟ್ಟಿಡ್ರಿ. ನೀವು ಹೊತ್ತಿಗೆ ಸರಿಯಾಗಿ ಉಣ್ರಿ." ಅಲ್ಲಿಂದ ಮುಂದೆ ದನಿ ಇಳಿಯಿತು. ಏನೋ ಗುಜುಗುಜು. ಟೇಪು ಮುಗಿಯಿತು.

"ಕಡೀಕ ಏನಂದ್ಳು, ವೈನಿ?" ಎಂದು ಅತ್ತಿಗೆಯಾದ ನನ್ನನ್ನೇ ಕೇಳಿದ.

"ನನಗೇನ್ ಗೊತ್ತು!"

ಯಂತ್ರದ್ದೇ ತಪ್ಪು ಎಂದು ಅವನು ತೀರ್ಮಾನಿಸಿದ. ಬೀದರಿಗೆ ಹೋಗಿ ಪ್ರೀ-ಆಂಪು ಎಂಬ ಡಬ್ಬಿ ತಂದ. ಎಂಟು ದಿನ ಇಟ್ಟುಕೊಂಡು ನೋಡು, ಬೇಡವಾದರೆ ತಿರುಗಿ ಕೊಡು ಎಂದು ಅಂಗಡಿಯವನ ಕರಾರು. ಬಸ್ಸಿನಲ್ಲಿ ಒಂದೇ ಜಾಗ ಸಿಕ್ಕಿತಂತೆ. ಡಬ್ಬಿಯನ್ನು ಕೂಡ್ರಿಸಿ, ತಾನು ಭಾಲ್ಕಿಯ ತನಕ ನಿಂತು ಬಂದ!

"ಇದೇನು ಮಾಡ್ತದ?" ಎಂದೆ.

"ಆಂಪ್ಲಿ ಅಂದ್ರ ಹೊಟ್ಟಿ ಇದ್ದಂಗರಿ ವೈನಿ. ಪ್ರೀ-ಆಂಪು ಹಲ್ಲು. ಸಣ್ಣ ದನಿ ಮೊದಲು ಇಲ್ಲಿ ಅಗದು, ಆಮ್ಯಾಲೆ ಹೊಟ್ಟಿಗೆ ಹೋಗ್ತದ."

"ಇಷ್ಟ ದಿನ ನಿನ್ನ ಆಂಪ್ಲಿ ಅಗೀಲಾರದ ನುಂಗ್ತಿತ್ತೇನು?"

"ಅದರಾಗೂ ಹಲ್ಲು ಅವರಿ. ಒಳಗ, ಸಣ್ಣವು."

"ಹಲ್ಲಿದ್ದವರಿಗೆ ಹಲ್ಲಿನ ಸೆಟ್ ಯಾಕೋ?"

ಮರುದಿನ ಮುಂಜಾನೆಯಿಂದ ಪರೀಕ್ಷೆ ಶುರು. ಬಾಗಿಲು ಬಡಿಯುವುದು: "ವೈನಿ, ಜರಾ ಬರ್ರಿ!" ನಾನು ಗೋಡೆಯ ಕಡೆ ಮುಖ ಮಾಡಿ ಕೂಡ್ರಬೇಕು, ಅವನು ಹಿಂದೆ ವೈರು ಕೀಳಬೇಕು, ಹಾಕಬೇಕು. ಒಮ್ಮೆ ಡಬ್ಬಿಯೊಂದಿಗೆ, ಒಮ್ಮೆ ಡಬ್ಬಿ ಇಲ್ಲದೆ. ಯಾವುದು ಛಲೋ ಎಂದು ನಾನು ಹೇಳಬೇಕು. ಹೊಸ ಅಳಿಯನಿಗೂ ಇಷ್ಟು ಕೇಳಿ ಬಡಿಸುವುದಿಲ್ಲ! ಒಂದು ದಿನ ಬೇಸತ್ತು "ಎರಡನೇದು" ಎಂದೆ. ಕುಣಿದಾಡಿಬಿಟ್ಟ. ಆಮೇಲೆ ನೋಡಿದರೆ ಎರಡೂ ಸಲ ಡಬ್ಬಿ ಹಚ್ಚುವುದನ್ನೇ ಮರೆತಿದ್ದ.

ಡಬ್ಬಿ ಹಚ್ಚಿದರೆ ದನಿ ದೊಡ್ಡದಾಗುತ್ತಿತ್ತು, ನಿಜ. ಅದರ ಜೊತೆಗೆ "ಗುಂಯ್" ಎಂಬ ಸದ್ದೂ ದೊಡ್ಡದಾಗುತ್ತಿತ್ತು. ಸಂತೆಯಲ್ಲಿ ಗುಟ್ಟು ಹೇಳಿದ ಹಾಗೆ. ಮೂರನೇ ದಿನ ಒಮ್ಮೆಲೆ ಚೀರಿದ: "ನೋಡ್ರಿ ವೈನಿ! ಗುಂಯ್ ಹೋತು! ಎಷ್ಟ್ ಶಾಂತ!"

ಕರೆಂಟು ಹೋಗಿತ್ತು.

ಕೊನೆಗೆ ಆ ಸದ್ದಿನ ರೋಗ ಪತ್ತೆ ಹಚ್ಚಿದ. ಅಂಗಳದಲ್ಲಿ ಕುಣಿ ತೋಡಿ, ಇದ್ದಿಲು ಉಪ್ಪು ತುಂಬಿ, ಯಂತ್ರದ ಅರ್ಥಿಂಗ್ ತಂತಿ ಹೂಳಿದ್ದ. ಆ ಕುಣಿ ಹಸಿ ಇದ್ದರೆ ಮಾತ್ರ ಗುಂಯ್ ಅಡಗುತ್ತದಂತೆ. ಬರಗಾಲದಲ್ಲಿ ಹಸಿ ಎಲ್ಲಿಂದ ಬರಬೇಕು? ಐದನೇ ದಿನ ನೋಡುತ್ತೇನೆ, ಟ್ಯಾಂಕರಿನ ಮುಂದೆ ಬಡಿದಾಡಿ ತಂದ ಕೊಡದಿಂದ ತಂಬಿಗೆ ತುಂಬಿ ಕುಣಿಗೆ ಸುರಿಯುತ್ತಿದ್ದಾನೆ!

"ಮಂದಿ ನಾಲಗಿ ಒಣಗ್ಲಿಕತ್ತದ, ನೀ ತಂತೀಗಿ ನೀರು ಕುಡಿಸ್ತೀ? ಹುಚ್ಚ ಖೋಡಿ!"

"ನನ್ನ ಪಾಲಿಂದೇ ಹಾಕ್ತೇನಿ ವೈನಿ. ಇವತ್ತು ಜಳಕ ಬಿಟ್ಟೀನಿ."

"ನಿನ್ನೆ?"

"ನಿನ್ನೆನೂ ಬಿಟ್ಟೀನ್ರಿ."

ಅದು ಅವನು ಹೇಳುವ ಮೊದಲೇ ಗೊತ್ತಾಗುತ್ತಿತ್ತು.

ಏಳನೇ ದಿನ ಕುಣಿ ತೊಯ್ದಿತ್ತು, ಕರೆಂಟಿತ್ತು, ಡಬ್ಬಿ ಹಚ್ಚಿದ್ದ, ಗುಂಯ್ ಇರಲಿಲ್ಲ. ಕ್ಯಾಸೆಟ್ಟಿನ ಕೊನೆಯ ಗುಜುಗುಜು ಪಡಸಾಲೆ ತುಂಬ ಬಂತು. ದೊಡ್ಡದಾಗಿ ಬಂತು, ಆದರೆ ಮಾತಾಗಲಿಲ್ಲ. ತಿರುಗಿ ಹಾಕಿದ. ಮತ್ತೆ ತಿರುಗಿ ಹಾಕಿದ. ಗುಂಡಿಯನ್ನು ಕೊನೆಯ ತನಕ ತಿರುವಿ ಸ್ಪೀಕರಿಗೆ ಕಿವಿ ಹಚ್ಚಿದ. ನನಗೆ ತಡೆಯಲಾಗಲಿಲ್ಲ.

"ಬಿಡೋ ಸಾಕು. ಅದು ಮಾತಲ್ಲ. ಸೆರಗು ಬಾಯಾಗ ತುರುಕಿಕೊಂಡು ಅಳ್ಳಿಕತ್ತಾಳ."

ಅವನು ನನ್ನನ್ನು ನೋಡಿದ, ಸ್ಪೀಕರನ್ನು ನೋಡಿದ. ಆಮೇಲೆ ಒಂದೊಂದೇ ವೈರು ಬಿಚ್ಚಿ ಸುತ್ತಿಟ್ಟ.

ಮರುದಿನ ಬಸ್ ಸ್ಟ್ಯಾಂಡಿಗೆ ನಾನೂ ಹೋದೆ. ಬೀದರಿನಲ್ಲಿ ಡಬ್ಬಿ ಕೊಟ್ಟು ಅಲ್ಲಿಂದ ಹೈದರಾಬಾದಿನ ಬಸ್ಸು ಹಿಡಿಯುವವನಿದ್ದ. ಯಂತ್ರವನ್ನು ಯಾರು ನೋಡಿಕೊಳ್ಳಬೇಕು ಎಂದು ಕೇಳಲೇ ಇಲ್ಲ. ಕೇಳಿದ್ದು ಬೇರೆ.

"ಅದು ಅಳು ಅಂತ ನಿಮಗ ಯಾವಾಗ ತಿಳೀತ್ರಿ, ವೈನಿ?"

"ಮೊದಲನೇ ದಿನ."

"ಮತ್ತ ಯಾಕ ಹೇಳಲಿಲ್ರಿ?"

"ಬಸ್ ಹೊಂಟದ, ಹತ್ತು" ಎಂದೆ.

ಅವನಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ಡಬ್ಬಿ ಬರುವ ಮೊದಲೇ ನನಗೆ ಅದು ಕೇಳಿಸಿತ್ತು. ಅಂದೇ ಹೇಳಿದ್ದರೆ ಅವನು ಅಂದೇ ಬಸ್ಸು ಹತ್ತುತ್ತಿದ್ದ. ಆ ಓಣಿಯಲ್ಲಿ ನನ್ನನ್ನು ಕೂಗಿ ಕರೆಯುವ ದನಿ ಅದೊಂದೇ ಉಳಿದಿತ್ತು. ಅದಕ್ಕಾಗಿ ಅಷ್ಟು ದಿನ ಅವಳನ್ನು ಅಲ್ಲಿ ಅಳಲು ಬಿಟ್ಟೆ.