ನನ್ನ ಹೆಬ್ಬೆರಳೂ ಮೊಬೈಲಿನ ಚಾರ್ಜೂ

ಮುದ್ದೇಬಿಹಾಳದ ಮಕ್ಕಳಿಗೆ ಹತ್ತೊಂಬತ್ತು ವರ್ಷ ವಿದ್ಯುತ್ತಿನ ಪಾಠ ಹೇಳಿದ ನಾನು, ಒಂದು ಯಃಕಶ್ಚಿತ್ ಮೊಬೈಲು ಚಾರ್ಜ್ ಆಗುತ್ತಿಲ್ಲವೆಂದು ರಿಪೇರಿ ಅಂಗಡಿಯ ಮೆಟ್ಟಿಲು ಹತ್ತುವುದೇ? ಛೆ! "ಇದನ್ನ ನಾನ ರಿಪೇರಿ ಮಾಡ್ತೇನಿ. ಯಾರೂ ಮುಟ್ಟಂಗಿಲ್ಲ!" ಎಂದು ಶನಿವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ.

ಹೆಂಡತಿ ವಿದ್ಯಾವತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. "ಹೋದ ವರ್ಷ ಮಿಕ್ಸರ್ ರಿಪೇರಿ ಮಾಡಿದ್ರಿ. ಅವತ್ತಿನಿಂದ ಅದರಾಗ ಉಳ್ಳಾಗಡ್ಡಿ ಇಡಾಕತ್ತೇನಿ," ಎಂದಳು.

ಇದು ಎರಡು ಸಾವಿರದ ನಾಲ್ಕೋ ಐದೋ ಇಸವಿಯ ಮಾತು. ನಮ್ಮ ಓಣಿಗೆ ಮೊದಲ ಮೊಬೈಲು ನನ್ನದು. ಆ ಸೊಕ್ಕಿನಲ್ಲಿ ಮನೆಯ ಫೋನನ್ನು 'ಹಳೇ ಡಬ್ಬಿ' ಎಂದು ಜರಿದು ವಾಪಸು ಕೊಟ್ಟಿದ್ದೆ. ಈಗ ನೋಡಿದರೆ, ಮಗಳು ಭಾಗ್ಯಜ್ಯೋತಿಯನ್ನು ನೋಡಿಹೋದ ಸಿಂದಗಿಯ ಬಸಂತರಾಯರು ಭಾನುವಾರ ಹನ್ನೆರಡಕ್ಕೆ ಫೋನ್ ಮಾಡಿ ಹೌದೋ ಅಲ್ಲವೋ ಹೇಳುವವರಿದ್ದರು. ಮಗಳಿಗೆ ಅವರ ಹುಡುಗ ಎಷ್ಟು ಮನಸ್ಸಿಗೆ ಬಂದಿದ್ದನೆಂದರೆ, ಮೂರು ರೊಟ್ಟಿ ಉಣ್ಣುವವಳು ಒಂದಕ್ಕೆ ಇಳಿದಿದ್ದಳು. ನಾಲ್ಕು ಕಡ್ಡಿ ತೋರಿಸಬೇಕಾದ ಬ್ಯಾಟರಿಯೂ ಅವಳಂತೆಯೇ ಒಂದಕ್ಕೆ ಇಳಿದಿತ್ತು!

ಎರಡು ದಿನದ ಹಿಂದೆ, ದಸರೆಯ ಖಂಡೇಪೂಜೆಯ ಹೊತ್ತಿಗೆ, ಅದು ಗಟ್ಟಿಮುಟ್ಟಾಗಿತ್ತು. ಸ್ಕೂಟರು, ಹೊಲಿಗೆ ಯಂತ್ರ, ಕುಡಗೋಲುಗಳ ಸಾಲಿನಲ್ಲಿ ಅದನ್ನೂ ಮಣೆಯ ಮೇಲೆ ಕೂರಿಸಿ, ವಿಭೂತಿ ಕಲಸಿ, ಯಾವ ಮಗ್ಗುಲೂ ಬಿಡದೆ ಕೈಯಾರೆ ಪೂಜಿಸಿದ್ದೆ. "ಒಂದು ಹೂವು ಇಟ್ರ ಸಾಕ್ರಿ," ಎಂದಿದ್ದಳು ವಿದ್ಯಾವತಿ. ಭಕ್ತಿಯಲ್ಲಿ ಜಿಪುಣತನವೇ?

ಮೊದಲು ನಾನು ಅನುಮಾನಿಸಿದ್ದು ಕರೆಂಟನ್ನು. ಎದುರುಮನೆಯ ಸಿದ್ದಲಿಂಗವ್ವನ ಪ್ಲಗ್ಗಿಗೆ ಹಚ್ಚಿದೆ. ಕಡ್ಡಿ ಅಲುಗಲಿಲ್ಲ. ಆಕೆ ಕಸೂತಿ ಬಟ್ಟೆ ಹೊದ್ದು ಕೂತಿದ್ದ ತನ್ನ ಹಳೆಯ ಫೋನಿನ ತಲೆ ಸವರಿ, "ನಮ್ಮದಕ್ಕ ಈ ಚಾಕರಿನ ಇಲ್ಲ ನೋಡ್ರಿ, ಮಾಸ್ತರ," ಎಂದಳು. ಹಳೇ ಡಬ್ಬಿಗೆ ಎಷ್ಟು ಬಿಂಕ!

ಎರಡನೆಯ ಆರೋಪಿ ಚಾರ್ಜರಿನ ವೈರು. ಹಲ್ಲಿನಿಂದ ಸುಲಿದೆ, ಹೊಸೆದೆ, ಕರಿ ಟೇಪು ಸುತ್ತಿದೆ, ಸ್ವಿಚ್ ಒತ್ತಿದೆ. ಢಂ! ಮನೆಯ ಫ್ಯೂಜು ಹಾರಿತು.

"ಏನಾತ್ರೀ?"

"ಏನಿಲ್ಲ. ಪ್ರಯೋಗ!"

"ಪ್ರಯೋಗ ಸಾಲ್ಯಾಗ ಮಾಡ್ರಿ. ಅಲ್ಲಿ ಮಂದೀ ಮಕ್ಕಳಿರ್ತಾವ."

ಫ್ಯೂಜು ಕಟ್ಟಿ, ವೈರನ್ನು ಮತ್ತೆ ಹೊಸೆದ ಮೇಲೆ ಸಂಜೆಗೆ ನನ್ನ ಮಹಾಶೋಧ ನಡೆಯಿತು. ಪಿನ್ನನ್ನು ಓರೆ ಮಾಡಿ ಹೆಬ್ಬೆರಳಿಂದ ಒತ್ತಿ ಹಿಡಿದರೆ ಕಡ್ಡಿ ಕುಣಿಯುತ್ತದೆ. ಬೆರಳು ತೆಗೆದರೆ ಮಲಗುತ್ತದೆ! ರಬ್ಬರು ಬ್ಯಾಂಡು, ಬಟ್ಟೆಯ ಚಿಮಟಿ, ಮೇಲೊಂದು ಒರಳಿನ ಗುಂಡು ಎಲ್ಲ ಇಟ್ಟು ನೋಡಿದೆ. ಮೊಬೈಲಿಗೆ ನನ್ನ ಹೆಬ್ಬೆರಳೇ ಬೇಕು. ಭಾನುವಾರ ಎಂಟರಿಂದ ಗೋಡೆಗೆ ಆನಿಕೊಂಡು, ಅಲುಗಾಡದೆ, ತಪಸ್ವಿಯಂತೆ ನಿಂತೆ. ಕಡ್ಡಿ ಕುಣಿಯಿತೇ ಹೊರತು ಬ್ಯಾಟರಿ ತುಂಬಲಿಲ್ಲ. ವಿದ್ಯಾವತಿ ಚಹಾದ ಕಪ್ಪನ್ನು ನನ್ನ ಬಾಯಿಗೇ ಹಿಡಿದಳು. "ಮೈಗೆ ಹುತ್ತ ಬೆಳೆಯೋದೊಂದು ಬಾಕಿ!"

"ರಿಪೇರಿ ಅಂಗಡಿ ಅಬ್ದುಲಗನಿ ಕಡೆ ಒಯ್ರಿ ಅಂದ್ರ ಕೇಳಂಗಿಲ್ಲ," ಎಂದೂ ಸೇರಿಸಿದಳು.

"ಅವನೇನು ಎಂಜಿನಿಯರನ? ಮೊನ್ನಿತನಕಾ ಗಡಿಯಾರದ ಮುಳ್ಳು ತಿರುವಾಂವ!"

ಹನ್ನೆರಡಕ್ಕೆ ಸರಿಯಾಗಿ ಮೊಬೈಲು ಮೊಳಗಿತು! ಮಗಳು ಬಾಗಿಲಿಗೆ ಓಡಿಬಂದಳು. ಗುಂಡಿ ಒತ್ತಲು ನಾನು ಹೆಬ್ಬೆರಳು ಎತ್ತಿದೆ.

"ನಮಸ್ಕಾರ್ರಿ ಮಾಸ್ತರ, ನಾ ಬಸಂತರಾಯ. ನಿಮ್ಮ ಹುಡುಗಿ ವಿಷಯ ನಮ್ಮ ಮನ್ಯಾಗ ಎಲ್ಲಾರೂ..."

ಕುಂಯ್! ಮೊಬೈಲು ಕಣ್ಣು ಮುಚ್ಚಿತು.

"ಎಲ್ಲಾರೂ ಏನಂದ್ರು, ಅಪ್ಪಾ?" ಎಂದು ಮಗಳು ನನ್ನ ತೋಳು ಹಿಡಿದು ಅಲುಗಿಸಿದಳು.

ಹತ್ತೊಂಬತ್ತು ವರ್ಷದ ವಿದ್ವತ್ತನ್ನು ಗೂಟಕ್ಕೆ ಸಿಕ್ಕಿಸಿ, ಬನಿಯನ್ನಿನ ಮೇಲೇ ಅಬ್ದುಲಗನಿಯ ಅಂಗಡಿಗೆ ಓಡಿದೆ.

ಅವನು ಕಣ್ಣಿಗೆ ಮಸೂರ ಸಿಕ್ಕಿಸಿ, ಮೊಬೈಲಿನಲ್ಲಿ ಚಾರ್ಜರಿನ ಪಿನ್ನು ಹೋಗುವ ತೂತಿನೊಳಗೆ ಸೂಜಿ ಇಟ್ಟು ಕೆದರಿದ. ಬೆಳ್ಳಗಿನ ಹೆಕ್ಕಳಿಕೆ ಚಕ್ಕೆಚಕ್ಕೆಯಾಗಿ ಉದುರಿತು. ಇನ್ನೂ ಕೆದರಿದ. ಇನ್ನೂ ಉದುರಿತು.

"ಸರ, ಇದು ವಿಭೂತಿ ಐತ್ರಿ! ತೂತಿನ್ಯಾಗ ಇಷ್ಟು ಗಟ್ಟಿ ತುಂಬಿದ ಪುಣ್ಯಾತ್ಮ ಯಾರ್ರಿ?"

"ಮನ್ಯಾಗ ಹೆಂಗಸರು..." ಎಂದು ಗೊಣಗಿದೆ. ಆ ಒಂದು ಸುಳ್ಳನ್ನು ದೇವರು ಕ್ಷಮಿಸಲಿ, ವಿದ್ಯಾವತಿ ಕ್ಷಮಿಸುವವಳಲ್ಲ. ಅಬ್ದುಲಗನಿ ನಗು ನುಂಗಿ, ಉದುರಿದ್ದನ್ನೆಲ್ಲ ಕಾಗದದಲ್ಲಿ ಪೊಟ್ಟಣ ಕಟ್ಟಿ ನನ್ನ ಕೈಗಿತ್ತ. "ಪೂಜಾದ್ದು ಕಸಕ್ಕ ಹಾಕಬಾರದ್ರಿ."

ಹೆಬ್ಬೆರಳ ಹಂಗಿಲ್ಲದೆ ತುಂಬಿಕೊಂಡ ಮೊಬೈಲನ್ನು ಹಿಡಿದು, ಬಸಂತರಾಯರ ಕಾಲು ಹಿಡಿಯಲೂ ಸಿದ್ಧನಾಗಿ ಮನೆಗೆ ಬಂದರೆ, ಪಡಸಾಲೆಯಲ್ಲಿ ಸಿದ್ದಲಿಂಗವ್ವ ಪೇಡೆ ಮೆಲ್ಲುತ್ತಿದ್ದಾಳೆ! ಮಗಳು ಮೂರನೆಯ ರೊಟ್ಟಿ ಮುರಿಯುತ್ತಿದ್ದಾಳೆ!

"ಎಲ್ಲಾರೂ ಒಪ್ಪ್ಯಾರಂತ," ಎಂದಳು ವಿದ್ಯಾವತಿ. "ಸಿದ್ದಲಿಂಗವ್ವನ ಡಬ್ಬಿಗೆ ಫೋನ್ ಮಾಡಿದ್ರು. ಅವರು ಹುಡುಗಿ ನೋಡಾಕ ಬಂದಾಗನ ನಂಬರ್ ಬರದು ಕೊಟ್ಟಿದ್ದೆ."

"ನನಗ್ಯಾಕ ಹೇಳಲಿಲ್ಲ? ಮುಂಜಾನೆಯಿಂದ ಗ್ವಾಡಿಗೆ ಆನಿ ನಿಂತಿದ್ದೆನಲ್ಲ!"

"ಅಷ್ಟೊತ್ತು ಬ್ಯಾರೆ ಏನೂ ರಿಪೇರಿ ಮಾಡಲಿಲ್ಲಲ್ರಿ!"

ಕೈಯ ಪೊಟ್ಟಣ ಬಚ್ಚಿಡುವಷ್ಟರಲ್ಲಿ ಕಸಿದು ಬಿಚ್ಚಿದಳು. ಮೂಸಿದಳು. ಎಲ್ಲ ಅರ್ಥವಾಯಿತು. ಮೂರು ಬೆರಳು ಅದ್ದಿ, ನನ್ನ ಹಣೆಗೆ ಗಟ್ಟಿಯಾಗಿ ಎಳೆದಳು.

"ಖಂಡೇಪೂಜಾದಾಗ ಎಲ್ಲಾ ಸಾಮಾನಿಗೂ ಹಚ್ಚಿದ್ರಿ. ಮನ್ಯಾಗಿನ ಕೆಟ್ಟ ಸಾಮಾನೊಂದು ಉಳದಿತ್ತು ನೋಡ್ರಿ!"